ಹತ್ತು ಬಾರಿ ವಿಶ್ವವಿಜೇತ: ಜಪಾನಿನ ಕೊಯಿಚಿ ನಕಾನೊ

ಪರೇಲಿನಲ್ಲಿ ಬೆಳಕು ಹರಿಯುವ ಮೊದಲೇ ಪಾವಿನ ಚೀಲಗಳನ್ನು ತೂಗುಹಾಕಿಕೊಂಡು ಹೊರಡುವ ಸೈಕಲ್ ಸವಾರರನ್ನು ನಮ್ಮ ಹೋಟೆಲ್ ಬಂಧುಗಳು ದಿನವೂ ಕಾಣುತ್ತಾರೆ. ಸೈಕಲ್ ತುಳಿದು ಹೊಟ್ಟೆ ಹೊರೆಯುವುದು ಅವರಿಗೆ ಹೊಸ ಮಾತಲ್ಲ. ಆದರೆ ಸೈಕಲ್ ತುಳಿದೇ 1980ರ ಒಂದೇ ವರ್ಷದಲ್ಲಿ ಹತ್ತು ಕೋಟಿ ಯೆನ್ ಬಹುಮಾನ ಗಳಿಸಿದವರೊಬ್ಬರಿದ್ದಾರೆಂದರೆ ಯಾರ ಕಿವಿಯೂ ನಿಮಿರದೆ ಇರದು. ಅವರೇ ಜಪಾನಿನ ಕೊಯಿಚಿ ನಕಾನೊ.

1955ರಲ್ಲಿ ಕುರುಮೆ ಎಂಬ ಊರಿನಲ್ಲಿ ಜನಿಸಿದ ನಕಾನೊ ಅವರ ತಂದೆಯೂ ಸೈಕಲ್ ಪಂದ್ಯದ ಸವಾರರೇ. ಆ ಪಂದ್ಯಕ್ಕೆ ಕೇರಿನ್ ಎಂದು ಹೆಸರು. ಯುದ್ಧದಲ್ಲಿ ಸುಟ್ಟು ಬರಿದಾದ ನಗರಗಳ ಬೊಕ್ಕಸ ತುಂಬಲೆಂದೂ ಸೈಕಲ್ ಕೈಗಾರಿಕೆಗೆ ಚೇತನ ಬರಲೆಂದೂ ಜಪಾನು 1948ರಲ್ಲಿ ಕಾನೂನು ಮಾಡಿ ಇದನ್ನು ಕೊಕುರಾ ನಗರದಲ್ಲಿ ಆರಂಭಿಸಿತು. ನಮ್ಮ ನೆರೆಯ ಮಹಾಲಕ್ಷ್ಮಿಯಲ್ಲಿ ಕುದುರೆಗಳ ಮೇಲೆ ಪಣ ಕಟ್ಟುವಂತೆ ಅಲ್ಲಿ ಮನುಷ್ಯರ ಮೇಲೆಯೇ ಪಣ. ನೂರು ಯೆನ್ನಿನ ಚೀಟಿಯಿಂದ ಆರಂಭ. ಒಂಬತ್ತು ಮಂದಿ ಸವಾರರು ಮುಂದಾಳೊಬ್ಬನ ಹಿಂದೆ ಸಾಲಾಗಿ ಸುತ್ತು ಹಾಕುತ್ತಾರೆ. ಅವನು ಬದಿಗೆ ಸರಿದು ಜಾಗಟೆ ಮೊಳಗಿತೆಂದರೆ ಮುಂದಿನದೆಲ್ಲ ಭುಜಕ್ಕೆ ಭುಜ ತಾಗಿಸಿ ನಡೆಸುವ ಹೋರಾಟ. ಸೈಕಲ್ಲಿಗೆ ಬ್ರೇಕೂ ಇಲ್ಲ! ಪಂದ್ಯದ ದಿನಗಳಲ್ಲಿ ಸವಾರರನ್ನು ವಸತಿಗೃಹದಲ್ಲಿರಿಸಿ ಅವರ ಫೋನುಗಳನ್ನೂ ತೆಗೆದಿಡುತ್ತಾರೆ. ಪಣದ ಹಣವಿರುವಲ್ಲಿ ಮೋಸಕ್ಕೆ ಎಡೆಯಿರಬಾರದಷ್ಟೆ.

1975ರಲ್ಲಿ ಈ ವೃತ್ತಿಗಿಳಿದ ನಕಾನೊ ಎರಡೇ ವರ್ಷಗಳಲ್ಲಿ, ಅಂದರೆ 1977ರಲ್ಲಿ, ವೆನಿಜುವೆಲಾದಲ್ಲಿ ವೃತ್ತಿಪರರ ಸ್ಪ್ರಿಂಟ್ ವಿಶ್ವ ಪ್ರಶಸ್ತಿಯನ್ನು ಗೆದ್ದರು. ಅಲ್ಲಿಂದ 1986ರ ಅಮೆರಿಕದ ಪಂದ್ಯದವರೆಗೆ ಒಂದು ವರ್ಷವೂ ತಪ್ಪದೆ ಆ ಕಿರೀಟ ಅವರಲ್ಲಿಯೇ ಉಳಿಯಿತು. ಬೆಲ್ಜಿಯಮ್ಮಿನ ಷೆರೆನ್ಸ್, ಇಟಲಿಯ ಮಾಸ್ಪೆಸ್ ಇವರು ತಲಾ ಏಳು ಬಾರಿ ಗೆದ್ದುದೇ ಅದುವರೆಗಿನ ದಾಖಲೆಯಾಗಿತ್ತು. ಪೂರ್ವ ಯುರೋಪಿನ ಬಲಿಷ್ಠ ಸವಾರರು ಹವ್ಯಾಸಿಗಳ ವಿಭಾಗದಲ್ಲಿದ್ದುದರಿಂದ ಈ ಗೆಲುವು ಪೂರ್ಣವಲ್ಲವೆಂದು ಮೂಗು ಮುರಿಯುವವರುಂಟು. ವಾದದಲ್ಲಿ ಹುರುಳಿದೆ. ಆದರೆ ಬೇರೆ ವಿಭಾಗದಲ್ಲಿದ್ದವರನ್ನು ಸೋಲಿಸಲಿಲ್ಲವೆಂದು ಇವರನ್ನು ದೂರುವುದು ಯಾವ ನ್ಯಾಯ?

ಅವರಿಗೂ ಆ ಗೋಡೆಯಿಂದ ನಷ್ಟವಾಗದೆ ಇರಲಿಲ್ಲ. ಕೂಲಿ ಪಡೆದು ತುಳಿಯುವವರಿಗೆ ಆಗ ಒಲಿಂಪಿಕ್ಸಿನ ಬಾಗಿಲು ಮುಚ್ಚಿತ್ತು. ವೃತ್ತಿಪರ ಸವಾರರಿಗೆ ಅದು ತೆರೆದದ್ದು 1996ರಲ್ಲಿ. ಕೇರಿನ್ ಪಂದ್ಯವೇ ಒಲಿಂಪಿಕ್ಸನ್ನು ಸೇರಿದ್ದು 2000ದಲ್ಲಿ, ಸಿಡ್ನಿಯಲ್ಲಿ. ನಕಾನೊ ಅವರು 1992ರಲ್ಲಿಯೇ ನಿವೃತ್ತರಾಗಿದ್ದರು.

ಹಾಗೆಂದು ಆ ಕೂಲಿಯನ್ನು ಹಗುರವಾಗಿ ಕಾಣಲು ನಮಗೆ ಮನಸ್ಸಾಗದು. ನಮ್ಮ ವಿಜಯಪುರ, ಬಾಗಲಕೋಟೆಗಳ ಹುಡುಗ ಹುಡುಗಿಯರೂ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದವರೇ. ಆದರೆ ಪದಕ ಗೆದ್ದವರು ಅನ್ನಕ್ಕಾಗಿ ರೈಲ್ವೆಯ ನೌಕರಿಯತ್ತ ನೋಡಬೇಕಾಗುತ್ತದೆ. ಅಲ್ಲಿ ಸೈಕಲ್ಲೇ ನೌಕರಿ.

ಇನ್ನು ಜನಪ್ರಿಯತೆಯ ಮಾತು. ನಕಾನೊ ಅವರು ಟೋಪನ್ನಿನ ಜಾಹೀರಾತಿನಲ್ಲಿಯೂ ಕಾಣಿಸಿಕೊಂಡವರು. ಪಂದ್ಯದ ಕಟ್ಟೆಯನ್ನೇ ಹತ್ತದ ಜಪಾನೀ ಮನೆಗಳಿಗೂ ಟೆಲಿವಿಷನ್ನಿನ ಮೂಲಕ ಆ ಮುಖದ ಪರಿಚಯವಾಯಿತು.