ತಿರುವಿನ ಕನ್ನಡಿಯಲ್ಲಿ 5 ಸೆಂಟಿಮೀಟರ್ ಬಸ್ಸು

ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಘಟ್ಟ ಹತ್ತುವ ರಾಷ್ಟ್ರೀಯ ಹೆದ್ದಾರಿ 69, ಕುಮಟಾದಿಂದ ಶಿರಸಿಗೆ ಏರುವ ದೇವಿಮನೆ ಘಟ್ಟ, ಭಟ್ಕಳ ಪೇಟೆಯ ಇಕ್ಕಟ್ಟಿನ ಓಣಿಗಳು: ಎದುರಿಗೆ ಬರುವುದು ಕಾಣದ ಮೂಲೆಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಇಂಥ ಕಡೆ ಕಂಬಕ್ಕೆ ಕೂರಿಸುವ ಪೀನ ದರ್ಪಣ, ಅಂದರೆ ಉಬ್ಬುಗನ್ನಡಿ, ಎಷ್ಟು ತೋರಿಸುತ್ತದೆ, ಎಷ್ಟು ಮರೆಸುತ್ತದೆ ಎಂಬುದನ್ನು ಹತ್ತನೇ ತರಗತಿಯ ಸೂತ್ರದಿಂದಲೇ ಲೆಕ್ಕ ಹಾಕಬಹುದು.

ಕನ್ನಡಿಯ ಅಗಲ 80 ಸೆಂ.ಮೀ., ವಕ್ರತಾ ತ್ರಿಜ್ಯ 2 ಮೀಟರ್ ಎಂದಿಟ್ಟುಕೊಳ್ಳಿ. ನಡುಭಾಗಕ್ಕಿಂತ ಅಂಚು 11.5 ಡಿಗ್ರಿ ವಾಲಿರುತ್ತದೆ. ಪತನ ಕೋನದಷ್ಟೇ ಪ್ರತಿಫಲನ ಕೋನವಾದ್ದರಿಂದ ಅಂಚಿನಲ್ಲಿ ಕಿರಣ ಅದರ ಇಮ್ಮಡಿ, 23 ಡಿಗ್ರಿ, ಹೊರಳುತ್ತದೆ. ಎರಡೂ ಬದಿ ಸೇರಿದರೆ 46 ಡಿಗ್ರಿ. 20 ಮೀಟರ್ ದೂರದ ಚಾಲಕನಿಗೆ ಅಷ್ಟೇ ಅಗಲದ ಸಪಾಟು ಕನ್ನಡಿ ತೋರಿಸುವುದು 2.3 ಡಿಗ್ರಿ ಮಾತ್ರ. ಅಂದರೆ 20 ಪಟ್ಟು ಲಾಭ.

ಲಾಭಕ್ಕೆ ಬೆಲೆಯೂ ಇದೆ. ಸಂಗಮ ದೂರ ತ್ರಿಜ್ಯದ ಅರ್ಧ, 1 ಮೀಟರ್. ಕನ್ನಡಿಯಿಂದ 59 ಮೀಟರ್ ಆಚೆ 3 ಮೀಟರ್ ಎತ್ತರದ ಬಸ್ಸಿದ್ದರೆ, ಅದರ ಪ್ರತಿಬಿಂಬ ಕನ್ನಡಿಯ ಹಿಂದೆ 98.3 ಸೆಂ.ಮೀ. ದೂರದಲ್ಲಿ ಮೂಡುತ್ತದೆ; ಎತ್ತರ 5 ಸೆಂ.ಮೀ. ಬಸ್ಸು 14 ಮೀಟರ್‌ಗೆ ಬಂದಾಗ ಬಿಂಬದ ದೂರ 93.3, ಎತ್ತರ 20. ಬಸ್ಸು 45 ಮೀಟರ್ ಮುಂದೆ ಬಂದಿದೆ, ಬಿಂಬ ಸರಿದದ್ದು ಬರೀ 5 ಸೆಂಟಿಮೀಟರ್! ಗಂಟೆಗೆ 40 ಕಿ.ಮೀ. ವೇಗದಲ್ಲಿ ಇದಕ್ಕೆ ಹಿಡಿಯುವುದು 4 ಸೆಕೆಂಡು.

ನನಗೆ ಭಯ ಹುಟ್ಟಿಸುವ ಅಂಕಿ ಇನ್ನೊಂದು. ಆ 5 ಸೆಂ.ಮೀ. ಬಿಂಬ ನಮ್ಮ ಚಾಲಕನ ಕಣ್ಣಿಗೆ ಸುಮಾರು 1,260 ಮೀಟರ್ ದೂರದ ಬಸ್ಸಿನಷ್ಟು ಚಿಕ್ಕದು. ನಿಜವಾಗಿ ಇಬ್ಬರ ನಡುವೆ ಇರುವ ರಸ್ತೆ 79 ಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಂತೆ 40ರ ವೇಗದಲ್ಲಿ ವಾಹನ ನಿಲ್ಲಲು 45 ಮೀಟರ್ ಬೇಕು. ಒಂದೇ ವಾಹನ ಹಿಡಿಸುವ ತಿರುವಿನಲ್ಲಿ ಇಬ್ಬರಿಗೂ ಸೇರಿ 90. ಇರುವ 79 ಸಾಲದು. ವೇಗ 30ಕ್ಕೆ ಇಳಿದರೆ ತಲಾ 30, ಒಟ್ಟು 60 ಮೀಟರ್ ಸಾಕು.

ಕರಾವಳಿಯ ಮಳೆ ವರ್ಷಕ್ಕೆ 3,000 ಮಿ.ಮೀ. ಮೀರುತ್ತದೆ, ಕನ್ನಡಿಗೂ ಪಾಚಿ ಹತ್ತುತ್ತದೆ. ಮೂರು ಬೆರಳಗಲದ ಒಂದು ಪಾಚಿ ಕಲೆ ಇಡೀ ಬಸ್ಸನ್ನು ಮುಚ್ಚಲು ಸಾಕು. ಕನ್ನಡಿ ಕೂರಿಸಿದವರು ಮಳೆಗಾಲದುದ್ದಕ್ಕೂ ಅದನ್ನು ಒರೆಸುವ ಹೊಣೆಯನ್ನೂ ಹೊರಲಿ. ಚಾಲಕರು ಬಿಂಬ ಎಷ್ಟೇ ಚಿಕ್ಕದಾಗಿ ಕಂಡರೂ ವೇಗವನ್ನು 30ಕ್ಕೆ ಇಳಿಸಿ, ಹಾರ್ನ್ ಹೊಡೆದೇ ತಿರುಗಲಿ.