ಸಾವಿರ ಗಜದ ಗುರಿಗೆ ಯಾವ ಗುಂಡು?

ದೂರದ ಗುರಿಗೆ ಭಾರವಾದ ಗುಂಡೇ ಬೇಕು, ಹಗುರವಾದದ್ದನ್ನು ಗಾಳಿ ಹಾರಿಸಿಕೊಂಡು ಹೋಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಸ್ಪರ್ಧಾ ಶೂಟಿಂಗ್‌ನಲ್ಲಿ ಬಳಕೆಯಲ್ಲಿರುವ ಎರಡು ಮಧ್ಯಮ ವ್ಯಾಸದ ಗುಂಡುಗಳನ್ನು ಹೋಲಿಸಿ ನೋಡೋಣ. ಒಂದು, .308 ವಿಂಚೆಸ್ಟರ್ ತೋಟಾದ 168 ಗ್ರೇನ್ ಗುಂಡು. ತೂಕ ಸುಮಾರು 10.9 ಗ್ರಾಂ. ಇನ್ನೊಂದು, ಅಮೆರಿಕದ ಹಾರ್ನಡಿ ಕಂಪನಿ 2007ರಲ್ಲಿ ತಂದ 6.5 ಕ್ರೀಡ್‌ಮೋರ್ ತೋಟಾದ 140 ಗ್ರೇನ್ ಗುಂಡು. ತೂಕ ಸುಮಾರು 9.1 ಗ್ರಾಂ. ನಳಿಗೆ ಬಿಡುವಾಗ ಎರಡರ ವೇಗವೂ ಸೆಕೆಂಡಿಗೆ 800 ಮೀಟರ್‌ಗಿಂತ ತುಸು ಹೆಚ್ಚು. ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿಯಲ್ಲಿ ಸಾವಿರ ಗಜ, ಅಂದರೆ 914 ಮೀಟರ್, ಸಾಗುವಷ್ಟರಲ್ಲಿ ಭಾರದ ಗುಂಡು ಸುಮಾರು 2.7 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಹಗುರವಾದದ್ದು ಸರಿಯುವುದು 2 ಮೀಟರ್ ಮಾತ್ರ.

ಕಾರಣ ತೂಕದಲ್ಲಿಲ್ಲ, ತಡದಲ್ಲಿದೆ. ಗಾಳಿಯೇ ಇಲ್ಲದ ನಿರ್ವಾತದಲ್ಲಾದರೆ ಈ ದೂರಕ್ಕೆ 1.1 ಸೆಕೆಂಡು ಸಾಕು. ಗಾಳಿಯ ತಡೆಯಿಂದಾಗಿ ಮೊದಲನೆಯದು ಸುಮಾರು 0.6 ಸೆಕೆಂಡು ತಡವಾಗುತ್ತದೆ, ಎರಡನೆಯದು 0.45. ಈ ತಡವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಗುಂಡು ಎಷ್ಟು ಸರಿಯಿತೆಂಬ ಲೆಕ್ಕ ಸಿಗುತ್ತದೆ. ಸಪೂರವಾಗಿ, ಉದ್ದವಾಗಿ, ಹಿಂಬದಿ ಕಿರಿದಾಗಿರುವ ಗುಂಡು ಗಾಳಿಯನ್ನು ಸಲೀಸಾಗಿ ಸೀಳುತ್ತದೆ. ಈ ಗುಣವನ್ನು ಹೇಳುವ ಅಂಕಿಯೇ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್; ಹೆಚ್ಚಿದ್ದಷ್ಟೂ ಒಳ್ಳೆಯದು. ಆದರೆ ಜಿ1, ಜಿ7 ಎಂಬ ಎರಡು ಬೇರೆ ಮಾದರಿಗಳಲ್ಲಿ ಇದನ್ನು ಅಳೆಯುತ್ತಾರೆ. ಒಂದರ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಬಾರದು.

ಉದ್ದದ ಗುಂಡಿಗೆ ಒಂದು ತೊಡಕುಂಟು. ಬುಗುರಿಯಂತೆ ರಭಸದಿಂದ ತಿರುಗದಿದ್ದರೆ ಅದು ಗಾಳಿಯಲ್ಲಿ ಮಗುಚುತ್ತದೆ. ಅದಕ್ಕೇ ಕ್ರೀಡ್‌ಮೋರ್ ನಳಿಗೆಯ ಒಳಗಿನ ಸುರುಳಿ ತೋಡು ಸಾಮಾನ್ಯವಾಗಿ 203 ಮಿ.ಮೀ.ಗೆ ಒಂದು ಸುತ್ತು ಬರುತ್ತದೆ. ಗುಂಡು ಸೆಕೆಂಡಿಗೆ ಸುಮಾರು 4,000 ಸುತ್ತು ತಿರುಗುತ್ತದೆ. ನಿಧಾನ ಸುರುಳಿಯ ನಳಿಗೆಗೆ ಉದ್ದದ ಗುಂಡು ಹೊಂದದು.

ಇನ್ನೊಂದು ಗಂಡಾಂತರ ಶಬ್ದದ ವೇಗದ ಆಸುಪಾಸಿನಲ್ಲಿದೆ. ಗುಂಡಿನ ವೇಗ ಸೆಕೆಂಡಿಗೆ 340 ಮೀಟರ್‌ನತ್ತ ಇಳಿದಾಗ ಅದರ ಮೇಲಿನ ಒತ್ತಡದ ಹಂಚಿಕೆ ಬದಲಾಗಿ, ಕೆಲವು ಗುಂಡುಗಳು ತೊನೆಯತೊಡಗುತ್ತವೆ. 300 ಮೀಟರ್ ಸ್ಪರ್ಧೆಗೆಂದು ರೂಪಿಸಿದ್ದ 168 ಗ್ರೇನ್ ಗುಂಡು ಸಾವಿರ ಗಜದ ಹೊತ್ತಿಗೆ ಹೀಗೆ ಕೈಕೊಡುವುದು ಶೂಟರ್‌ಗಳಿಗೆ ಗೊತ್ತಿರುವ ಸಂಗತಿ. ಹಾಗಾಗಿ .308 ಬಳಸುವವರು ಆ ದೂರಕ್ಕೆ 175 ಗ್ರೇನ್ ಆರಿಸುತ್ತಾರೆ.

ಕೊನೆಗೆ, ಎಲ್ಲ ಗುಂಡುಗಳೂ ಒಂದೇ ತೂಕ, ಒಂದೇ ಆಕಾರದಲ್ಲಿರಬೇಕು, ಹೊರಡುವ ವೇಗವೂ ಒಂದೇ ಆಗಿರಬೇಕು. ವೇಗದಲ್ಲಿ ನೂರಕ್ಕೆ ಒಂದು ಪಾಲು ವ್ಯತ್ಯಾಸವಾದರೂ ಸಾವಿರ ಗಜದಲ್ಲಿ ಗುಂಡು ಗೇಣಷ್ಟು ಮೇಲೆ ಇಲ್ಲವೇ ಕೆಳಗೆ ಬೀಳುತ್ತದೆ. ಅಂಕಿಯಲ್ಲಿ ತುಸು ಹಿಂದಿದ್ದರೂ ನಮ್ಮ ನಳಿಗೆಯಿಂದ ಪ್ರತಿ ಸಲ ಒಂದೇ ಬಗೆಯಲ್ಲಿ ಹಾರುವ ಗುಂಡನ್ನೇ ಆರಿಸುವುದು ಜಾಣತನ.