ಮರಿಯಮ್ಮನವರ ಹೆಸರಿನ ದ್ವೀಪ



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನೋತ್ಸವ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಎಷ್ಟೋ ಮನೆಯವರು ರಜೆಯಲ್ಲಿ ಶಿರಾಡಿ ಘಾಟಿ ಇಳಿದು ಉಡುಪಿಗೆ ಹೋಗಿ, ಮಲ್ಪೆಯಲ್ಲಿ ದೋಣಿ ಹತ್ತಿ ಆ ತಾಯಿಯ ಹೆಸರಿನ ಸೇಂಟ್ ಮೇರೀಸ್ ದ್ವೀಪವನ್ನು ನೋಡಿ ಬರುತ್ತಾರೆ. (ಹಬ್ಬದ ದಿನವೇ ಹೋಗುತ್ತೇವೆ ಎನ್ನಬೇಡಿ, ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ.)

ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಆಗಾಗ ಎದುರಾಗುವ ಮಾತೊಂದಿದೆ: “ನಿಮ್ಮ ಧರ್ಮ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದಲ್ಲವೇ?” ಈ ದ್ವೀಪದ ಹೆಸರನ್ನೇ ಸಾಕ್ಷಿಯಾಗಿ ತೋರಿಸುವವರೂ ಉಂಟು. ಮಗು ಸುಮ್ಮನಾಗುತ್ತದೆ. ತಂದೆತಾಯಿಗಳಿಗಾದರೂ ನಿಜ ಸಂಗತಿ ತಿಳಿದಿರಬೇಕು.

ಹೆಸರು ಬಂದದ್ದು ಹಡಗಿನಲ್ಲೇ. ಮುಚ್ಚಿಡುವುದೇನಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಈ ಕರಾವಳಿಯ ದ್ವೀಪವೊಂದರಲ್ಲಿ ಕಲ್ಲುಕಂಬ ನೆಟ್ಟು ಅದಕ್ಕೆ ಸಾಂತಾ ಮರಿಯ ಎಂದು ಹೆಸರಿಟ್ಟ. ಅದು ಇದೇ ದ್ವೀಪವೆಂಬುದು ಬಹುಕಾಲದ ನಂಬಿಕೆ. ಅಂಥ ಕಂಬಗಳ ತುದಿಯಲ್ಲಿ ಶಿಲುಬೆ, ಅದರ ಕೆಳಗೆ ಪೋರ್ಚುಗಲ್ ದೊರೆಯ ಲಾಂಛನ. ತೋಟದ ಬದುವಿನಲ್ಲಿ ಬಾಂದುಕಲ್ಲು ನೋಡಿ ಬೆಳೆದ ನಮಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಪ್ರಾರ್ಥನೆಗಿಂತ ಹಕ್ಕುದಾರಿಕೆಯೇ ಅದರಲ್ಲಿ ಹೆಚ್ಚು ಎಂದು ನನ್ನ ಅನಿಸಿಕೆ.

ಆದರೆ ಧರ್ಮದ ಮಾತು ಬೇರೆ. ಗಾಮನ ಜನ ಸಂಬಾರ ಪದಾರ್ಥಗಳ ಜೊತೆಗೆ ಇಲ್ಲಿನ ಕ್ರೈಸ್ತರನ್ನೂ ಹುಡುಕಿಕೊಂಡೇ ಬಂದವರು. ಆ ಆತುರದಲ್ಲಿ ಕಲ್ಲಿಕೋಟೆಯ ಹಿಂದೂ ದೇಗುಲವನ್ನೇ ಇಗರ್ಜಿಯೆಂದು ತಿಳಿದು ಪ್ರಾರ್ಥಿಸಿದರು! ನಿಜವಾದ ಕ್ರೈಸ್ತರು ಕೇರಳದಲ್ಲಿ ಇದ್ದೇ ಇದ್ದರು. 6ನೇ ಶತಮಾನದಲ್ಲೇ ಕಾಸ್ಮಾಸ್ ಎಂಬ ಗ್ರೀಕ್ ವರ್ತಕ ಮೆಣಸಿನ ನಾಡಿನ ಕ್ರೈಸ್ತ ಸಭೆಯನ್ನು ಕುರಿತು ಬರೆದಿದ್ದಾನೆ. ಇನ್ನು ನಮ್ಮ ಬಯಲುಸೀಮೆ. 17ನೇ ಶತಮಾನದ ನಡುವಿನಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮಬೋಧೆ ಬರೆದರು. ಅಲ್ಲಿ ಪೋರ್ಚುಗೀಸರ ಆಳ್ವಿಕೆ ಇರಲಿಲ್ಲ, ಮೈಸೂರು ಅರಸರದ್ದಿತ್ತು.

ಮಲ್ಪೆಯ ಕಡಲಲ್ಲಿ ಹಲವರ ಗುರುತುಗಳಿವೆ. ಪಕ್ಕದ ದರಿಯಾಬಹದ್ದೂರ್‌ಗಡದಲ್ಲಿ ಕೋಟೆ ಕಟ್ಟಿಸಿದವನು ಬಿದನೂರಿನ ಬಸವಪ್ಪ ನಾಯಕ. 1799ರಲ್ಲಿ ಕರಾವಳಿ ಇಂಗ್ಲಿಷರ ಕೈಸೇರಿತು. ಇಂದಿನ ಹೆಸರಿನ ರೂಪ ಅವರ ಭಾಷೆಯದು. ದಡದಲ್ಲಿ ಹಂಚಿನ ಕಾರ್ಖಾನೆ ನಡೆಸಿದ್ದು ಬಾಸೆಲ್ ಮಿಶನ್.

ದ್ವೀಪದ ತುಂಬ ತೆಂಗು. ನಮ್ಮವರು ಮೊದಲು ನೋಡುವುದೂ ಅದನ್ನೇ, ಗೊನೆ ಎಣಿಸುವುದೂ ಅದನ್ನೇ. ಇಂಗ್ಲಿಷಿನ ‘ಕೋಕೋನಟ್’ನಲ್ಲಿರುವ ‘ಕೋಕೋ’ ಪೋರ್ಚುಗೀಸರದು. ಚಿಪ್ಪಿನ ಮೂರು ಕಣ್ಣು ಅವರಿಗೆ ಗುಮ್ಮನ ಮುಖದಂತೆ ಕಂಡಿತಂತೆ. ಹಾಗೆಂದು ತಿಪಟೂರಿನ ತೆಂಗು ಪೋರ್ಚುಗಲ್ಲಿನದು ಎಂದು ಯಾರೂ ಹೇಳುವುದಿಲ್ಲ. ಮಗುವಿಗೆ ಇದನ್ನೇ ಹೇಳಿಕೊಡಿ.

ಗಾಮನ ಕಂಬವನ್ನು ಅಲ್ಲಿ ಹುಡುಕಬೇಡಿ. ಕಾಣುವ ಕಂಬಗಳು ಬೇರೆ: ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಬಿರಿದು ನಿಂತ ಬಹುಮುಖದ ಶಿಲೆಗಳು. ಅವುಗಳ ಅಂಚಿನಲ್ಲಿ ಪಾಚಿ ಜಾರುತ್ತದೆ, ಅಲೆಯೂ ಬಲವಾಗಿದೆ, ಮಕ್ಕಳ ಕೈಬಿಡಬೇಡಿ. ದ್ವೀಪದಲ್ಲಿ ಜನವಸತಿಯಿಲ್ಲ. ಸಂಜೆಯ ಕೊನೆಯ ದೋಣಿಗೆ ಎಲ್ಲರೂ ಹೊರಡಲೇಬೇಕು.